ಹಣಾಹಣಿ ಚುನಾವಣೆ: ಪ್ರಿಡಿಕ್ಷನ್ ಮಾರುಕಟ್ಟೆಯ ಅಂಕಿಗಳನ್ನು ಓದುವುದು ಹೇಗೆ?

ಅಮೆರಿಕದ ಕಾಂಗ್ರೆಸ್‌ಗೋ ಬ್ರಿಟನ್ನಿನ ಸಂಸತ್ತಿಗೋ ಚುನಾವಣೆ ಹತ್ತಿರ ಬಂದಾಗಲೆಲ್ಲ ಓದುಗರಿಂದ ಅದೇ ಮೂರು ಪ್ರಶ್ನೆಗಳು ಬರುತ್ತವೆ. ‘ಮಾರುಕಟ್ಟೆ ಆ ಪಕ್ಷಕ್ಕೆ 56 ಎಂದು ತೋರಿಸುತ್ತಿದೆ, ಅಂದರೆ ಅದಕ್ಕೆ ಶೇ 56ರಷ್ಟು ಮತ ಬೀಳುತ್ತದೆಯೇ?’ ‘ನಿನ್ನೆ 52 ಇದ್ದದ್ದು ಇವತ್ತು 57 ಆಗಿದೆ, ರಾತ್ರಿ ಬೆಳಗಾಗುವುದರೊಳಗೆ ಏನು ನಡೆಯಿತು?’ ‘ಸಮೀಕ್ಷೆ ಒಂದು ಹೇಳುತ್ತದೆ, ಮಾರುಕಟ್ಟೆ ಇನ್ನೊಂದು ಹೇಳುತ್ತದೆ, ಯಾವುದನ್ನು ನಂಬಲಿ?’ ಮೂರಕ್ಕೂ ಒಟ್ಟಿಗೆ ಉತ್ತರಿಸುವ ಪ್ರಯತ್ನ ಇದು.

ಚುಟುಕಾಗಿ ಹೇಳುವುದಾದರೆ, 56 ಎಂಬುದಕ್ಕೂ ಮತಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಪ್ರಿಡಿಕ್ಷನ್ ಮಾರುಕಟ್ಟೆಯಲ್ಲಿ ಮಾರಾಟವಾಗುವುದು ಕಾಂಟ್ರ್ಯಾಕ್ಟ್. ‘ಈ ಪಕ್ಷ ಸದನದಲ್ಲಿ ಬಹುಮತ ಪಡೆಯುತ್ತದೆ’ ಎಂಬ ಹೇಳಿಕೆ ನಿಜವಾದರೆ ಅದನ್ನು ಇಟ್ಟುಕೊಂಡವರಿಗೆ 1 ಡಾಲರ್ ಸಿಗುತ್ತದೆ, ಸುಳ್ಳಾದರೆ ಏನೂ ಸಿಗುವುದಿಲ್ಲ. ಅಂಥ ಕಾಂಟ್ರ್ಯಾಕ್ಟನ್ನು ಈ ಹೊತ್ತಿನಲ್ಲಿ ಜನ 56 ಸೆಂಟ್‌ಗೆ ಕೊಂಡು ಮಾರುತ್ತಿದ್ದಾರೆ ಎಂದರೆ, ಗೆಲುವಿನ ಸಾಧ್ಯತೆ ನೂರಕ್ಕೆ ಐವತ್ತಾರು ಎಂದು ಅವರೆಲ್ಲ ಸೇರಿ ಅಂದಾಜಿಸಿದ್ದಾರೆ ಎಂದರ್ಥ. ಸೋಲಿನ ಸಾಧ್ಯತೆ ನೂರಕ್ಕೆ ನಲವತ್ನಾಲ್ಕು ಎಂದೂ ಅವರೇ ಹೇಳುತ್ತಿದ್ದಾರೆ. ಓದುಗರು ಮರೆಯುವುದು ಈ ನಲವತ್ನಾಲ್ಕನ್ನು.

ಇದು ಅಂಕಿಗಳನ್ನು ಓದುವುದಕ್ಕೆ ಮಾರ್ಗದರ್ಶಿ, ಹಣ ಕಟ್ಟುವುದಕ್ಕಲ್ಲ. ಚುನಾವಣೆಯ ಮೇಲೆ ಹಣ ಹೂಡುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದೆ. ಅಮೆರಿಕದಲ್ಲೇ ಇದು ವರ್ಷಗಟ್ಟಲೆ ನ್ಯಾಯಾಲಯದಲ್ಲಿತ್ತು. ಕಾಂಗ್ರೆಸ್ ಯಾರ ಹಿಡಿತಕ್ಕೆ ಹೋಗುತ್ತದೆ ಎಂಬ ಕಾಂಟ್ರ್ಯಾಕ್ಟ್ ನಡೆಸಲು ಕಾಲ್ಶಿ ಎಂಬ ಸಂಸ್ಥೆಗೆ ಅಲ್ಲಿನ ನಿಯಂತ್ರಣ ಆಯೋಗ 2023ರಲ್ಲಿ ಅನುಮತಿ ನಿರಾಕರಿಸಿತು, 2024ರಲ್ಲಿ ನ್ಯಾಯಾಲಯದ ಆದೇಶದಿಂದ ದಾರಿ ತೆರೆಯಿತು. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ನೋಡುವುದಕ್ಕೆ ಖಾತೆ ಬೇಕಾಗಿಲ್ಲ, ಬೆಲೆಗಳು ಬಹುತೇಕ ಎಲ್ಲರಿಗೂ ಕಾಣುವಂತೆಯೇ ಇರುತ್ತವೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ಕ್ಯಾಲ್ಕುಲೇಟರ್, ಆ ಕಾಂಟ್ರ್ಯಾಕ್ಟಿನ ನಿಯಮಗಳ ಪುಟ, ಸಮೀಕ್ಷೆಗಳನ್ನು ಆಧರಿಸಿದ ಯಾವುದಾದರೂ ಒಂದು ಮುನ್ನಂದಾಜು, ಮತ್ತು ಯಾವ ಪ್ರಾಂತ್ಯದ ಮತ ಯಾವಾಗ ಎಣಿಕೆಯಾಗುತ್ತದೆ ಎಂಬ ವೇಳಾಪಟ್ಟಿ.

1. ಶೀರ್ಷಿಕೆ ಬಿಡಿ, ನಿಯಮ ಓದಿ

ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲೇ, ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ. ಶಾಸನಸಭೆಯ ಚುನಾವಣೆಯಲ್ಲಿ ‘ಗೆಲುವು’ ಎಂಬ ಒಂದೇ ಮಾತಿಗೆ ಕನಿಷ್ಠ ನಾಲ್ಕು ಅರ್ಥಗಳಿವೆ: ಹೆಚ್ಚು ಮತ ಪಡೆಯುವುದು, ಹೆಚ್ಚು ಸ್ಥಾನ ಪಡೆಯುವುದು, ಸರಳ ಬಹುಮತ ಪಡೆಯುವುದು, ಸರ್ಕಾರ ರಚಿಸುವುದು. ಒಂದೊಂದಕ್ಕೂ ಬೇರೆಯದೇ ಕಾಂಟ್ರ್ಯಾಕ್ಟ್ ಇರುತ್ತದೆ, ಬೇರೆಯದೇ ಬೆಲೆ ಇರುತ್ತದೆ.

ಇದು ಬರಿಯ ಕೂದಲು ಸೀಳುವ ತರ್ಕ ಎನಿಸಿದರೆ ಕೆನಡಾ ನೋಡಿ. ಅಲ್ಲಿ 2019ರಲ್ಲೂ 2021ರಲ್ಲೂ ಕನ್ಸರ್ವೇಟಿವ್ ಪಕ್ಷಕ್ಕೆ ದೇಶದಾದ್ಯಂತ ಹೆಚ್ಚು ಮತ ಬಿತ್ತು, ಆದರೆ ಹೆಚ್ಚು ಸ್ಥಾನ ಗೆದ್ದದ್ದು ಲಿಬರಲ್ ಪಕ್ಷ. ಆ ಲಿಬರಲ್ ಪಕ್ಷಕ್ಕೂ ಎರಡು ಸಲವೂ ಬಹುಮತ ದಕ್ಕಲಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಕನ್ಸರ್ವೇಟಿವ್ ಪಕ್ಷ 317 ಸ್ಥಾನಗಳೊಂದಿಗೆ ಅತಿದೊಡ್ಡ ಪಕ್ಷವಾಯಿತು. 650 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ 326 ಬೇಕಿತ್ತು. ‘ಅತಿಹೆಚ್ಚು ಸ್ಥಾನ’ ಎಂದು ಹಣ ಕಟ್ಟಿದವರು ಗೆದ್ದರು, ‘ಬಹುಮತ’ ಎಂದು ಕಟ್ಟಿದವರು ಅದೇ ಪಕ್ಷದ ಮೇಲೆ ಅದೇ ರಾತ್ರಿ ಸೋತರು.

ಅಮೆರಿಕದ ಸೆನೆಟ್‌ನಲ್ಲಿ ಇನ್ನೊಂದು ತೊಡಕಿದೆ. ಬರ್ನಿ ಸ್ಯಾಂಡರ್ಸ್ ಮತ್ತು ಆಂಗಸ್ ಕಿಂಗ್ ಪಕ್ಷೇತರರು, ಆದರೆ ಡೆಮಾಕ್ರಟಿಕ್ ಗುಂಪಿನ ಜೊತೆ ಕೂರುತ್ತಾರೆ. ಅವರನ್ನು ಯಾವ ಕಡೆಗೆ ಲೆಕ್ಕ ಹಾಕಲಾಗುತ್ತದೆ? ಸ್ಥಾನಗಳು 50–50 ಆದರೆ ಹಿಡಿತ ಯಾರದ್ದು? 2021ರ ಜನವರಿಯಲ್ಲಿ ಜಾರ್ಜಿಯಾದ ಎರಡೂ ಮರುಸುತ್ತಿನ ಮತದಾನಗಳಲ್ಲಿ ಡೆಮಾಕ್ರಟರು ಗೆದ್ದಾಗ ಹೀಗೇ ಆಯಿತು. ಉಪಾಧ್ಯಕ್ಷರ ನಿರ್ಣಾಯಕ ಮತದಿಂದ ಸದನ ಅವರ ಕೈಗೆ ಬಂತು. ಇಂಥ ಗೊಂದಲ ಬೇಡವೆಂದು ಕಾಲ್ಶಿ ತನ್ನ ಕಾಂಟ್ರ್ಯಾಕ್ಟನ್ನು ಸದನದ ಮುಖ್ಯಸ್ಥರ ಪಕ್ಷಕ್ಕೆ ಕಟ್ಟಿಹಾಕಿತು: ಕೆಳಮನೆಗೆ ಸ್ಪೀಕರ್, ಸೆನೆಟ್‌ಗೆ ಹಂಗಾಮಿ ಅಧ್ಯಕ್ಷರು. ಜಾಣತನದ ಉಪಾಯವೇ. ಆದರೆ ಅಲ್ಲಿಗೆ ಅದು ಚುನಾವಣೆಯ ಪ್ರಶ್ನೆಯಾಗಿ ಉಳಿಯದೆ ಸದನದೊಳಗಿನ ಮತದಾನದ ಪ್ರಶ್ನೆಯೂ ಆಗುತ್ತದೆ. 2023ರ ಜನವರಿಯಲ್ಲಿ ಕೆವಿನ್ ಮೆಕಾರ್ಥಿ ಸ್ಪೀಕರ್ ಆಗುವುದಕ್ಕೆ 15 ಸುತ್ತು ಮತದಾನ ಬೇಕಾಯಿತು ಎಂಬುದನ್ನು ನೆನಪಿಡಿ.

ನಿಯಮಗಳ ಪುಟದಲ್ಲಿ ಹುಡುಕಬೇಕಾದದ್ದು: ಯಾವ ಘಟನೆ, ಯಾವ ದಿನಾಂಕದೊಳಗೆ, ಯಾರ ಘೋಷಣೆಯ ಮೇಲೆ ತೀರ್ಮಾನವಾಗುತ್ತದೆ, ಮತ್ತು ಸಮಬಲವಾದರೆ ಏನು. ಇವು ಸ್ಪಷ್ಟವಾಗಿ ಸಿಗದಿದ್ದರೆ ಆ ಬೆಲೆಯನ್ನು ಉಲ್ಲೇಖಿಸಲೇಬೇಡಿ.

2. ಯಾವ ರೂಪದಲ್ಲಿದ್ದರೂ ಶೇಕಡಕ್ಕೆ ಇಳಿಸಿ

ಡಾಲರ್ ಕಾಂಟ್ರ್ಯಾಕ್ಟುಗಳಲ್ಲಿ ಸೆಂಟ್ ಬೆಲೆಯೇ ಶೇಕಡ. ಬುಕ್ಕಿಗಳೂ ಬೆಟ್ಟಿಂಗ್ ವಿನಿಮಯ ಕೇಂದ್ರಗಳೂ ಬೇರೆ ರೂಪದಲ್ಲಿ ಬರೆಯುತ್ತವೆ. ದಶಮಾಂಶ ರೂಪದಲ್ಲಿ 1.80 ಎಂದಿದ್ದರೆ 1ನ್ನು ಅದರಿಂದ ಭಾಗಿಸಿ, 55.6 ಬರುತ್ತದೆ. ಬ್ರಿಟಿಷ್ ಭಿನ್ನರಾಶಿಯಲ್ಲಿ ಅದೇ 4/5: ಕೆಳಗಿನ ಅಂಕಿಯನ್ನು ಎರಡರ ಮೊತ್ತದಿಂದ ಭಾಗಿಸಿದರೆ 5/9, ಅಂದರೆ ಮತ್ತೆ 55.6. ಅಮೆರಿಕನ್ ಶೈಲಿಯಲ್ಲಿ −125 ಎಂದು ಕಾಣುತ್ತದೆ. ಋಣ ಚಿಹ್ನೆ ಇದ್ದರೆ 125ನ್ನು 225ರಿಂದ ಭಾಗಿಸಬೇಕು, ಉತ್ತರ ಅದೇ. ಧನ ಚಿಹ್ನೆಯ +150 ಇದ್ದರೆ 100ನ್ನು 250ರಿಂದ ಭಾಗಿಸಿ, 40 ಬರುತ್ತದೆ.

3. ತೋರಿಸುವ ಒಂದು ಅಂಕಿಯ ಹಿಂದೆ ಎರಡು ಬೆಲೆಗಳಿವೆ

ಪರದೆಯ ಮೇಲೆ ದೊಡ್ಡದಾಗಿ ಕಾಣುವ 56ರ ಕೆಳಗೆ ಕೊಳ್ಳುವವರ ಮತ್ತು ಮಾರುವವರ ಪಟ್ಟಿ ಇರುತ್ತದೆ. ಕೊಳ್ಳಲು ಬಂದವರು ಕೊಡಲು ಸಿದ್ಧವಿರುವ ಅತಿಹೆಚ್ಚಿನ ಬೆಲೆಗೆ ಬಿಡ್ ಎನ್ನುತ್ತಾರೆ, ಮಾರುವವರು ಕೇಳುವ ಅತಿಕಡಿಮೆ ಬೆಲೆಗೆ ಆಸ್ಕ್. ಬಿಡ್ 55, ಆಸ್ಕ್ 57 ಇದ್ದರೆ 56 ಎಂಬುದಕ್ಕೆ ಅರ್ಥವಿದೆ. ಬಿಡ್ 49, ಆಸ್ಕ್ 63 ಇದ್ದರೂ ನಡುಬಿಂದು 56ವೇ ಆಗುತ್ತದೆ, ಆದರೆ ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ.

ವೇದಿಕೆ ಯಾವ ಅಂಕಿಯನ್ನು ತೋರಿಸುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಪಾಲಿಮಾರ್ಕೆಟ್ ಸಾಮಾನ್ಯವಾಗಿ ಬಿಡ್ ಮತ್ತು ಆಸ್ಕ್ ನಡುವಿನ ಬಿಂದುವನ್ನು ತೋರಿಸುತ್ತದೆ. ಅಂತರ 10 ಸೆಂಟ್ ಮೀರಿದರೆ ಕೊನೆಯ ವಹಿವಾಟಿನ ಬೆಲೆಗೆ ಹೊರಳುತ್ತದೆ. ಆ ಕೊನೆಯ ವಹಿವಾಟು ಐದು ನಿಮಿಷದ ಹಿಂದಿನದೂ ಇರಬಹುದು, ನಿನ್ನೆಯದೂ ಇರಬಹುದು. ಒಂದೊಂದು ಕ್ಷೇತ್ರದ ಮೇಲಿನ ಕಾಂಟ್ರ್ಯಾಕ್ಟುಗಳಲ್ಲಿ ಇದು ಸಾಮಾನ್ಯ. ದೇಶದ ಗಮನವೆಲ್ಲ ಒಟ್ಟು ಬಹುಮತದ ಮೇಲಿರುತ್ತದೆ, ಮೂಲೆಯ ಕ್ಷೇತ್ರವೊಂದರ ಬೆಲೆಯನ್ನು ಬೆರಳೆಣಿಕೆಯ ಜನ ನಿರ್ಧರಿಸುತ್ತಿರುತ್ತಾರೆ.

ವಹಿವಾಟಿನ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ಅದು ಮಾರುಕಟ್ಟೆ ತೆರೆದ ದಿನದಿಂದ ಕೈಬದಲಾದ ಹಣದ ಲೆಕ್ಕ. ಈಗ ಬೆಲೆಯನ್ನು ಎರಡು ಸೆಂಟ್ ಅಲುಗಿಸಲು ಎಷ್ಟು ಹಣ ಸಾಕು ಎಂಬುದನ್ನು ನೋಡಬೇಕಾದದ್ದು ಪಟ್ಟಿಯ ಆಳದಲ್ಲಿ, ಅಂದರೆ ಒಂದೊಂದು ಬೆಲೆಗೆ ಎಷ್ಟು ಕಾಂಟ್ರ್ಯಾಕ್ಟುಗಳು ಕಾದಿವೆ ಎಂಬುದರಲ್ಲಿ.

4. ಎಲ್ಲ ಫಲಿತಾಂಶಗಳನ್ನು ಕೂಡಿ, ನೂರಕ್ಕೆ ತನ್ನಿ

‘ಎ ಪಕ್ಷಕ್ಕೆ ಬಹುಮತ’ 46, ‘ಬಿ ಪಕ್ಷಕ್ಕೆ ಬಹುಮತ’ 34, ‘ಅತಂತ್ರ ಸದನ’ 26 ಇದೆ ಎನ್ನಿ. ಕೂಡಿದರೆ 106. ಹೆಚ್ಚುವರಿ ಆರು ಎಂಬುದು ಶುಲ್ಕ, ಬುಕ್ಕಿಯ ಲಾಭ, ಕೊಳ್ಳುವ-ಮಾರುವ ಅಂತರ ಇತ್ಯಾದಿಗಳ ಕಲಬೆರಕೆ. ಪ್ರತಿಯೊಂದನ್ನೂ 106ರಿಂದ ಭಾಗಿಸಿದರೆ 43.4, 32.1, 24.5 ಸಿಗುತ್ತದೆ. ‘ಎ ಪಕ್ಷ 46’ ಎಂದು ಬರೆದ ಸುದ್ದಿಯಲ್ಲಿ ಎರಡೂವರೆ ಅಂಶ ಗಾಳಿಯದು.

ಇನ್ನೊಂದು ಬಾಗು ಕಡಿಮೆ ಬೆಲೆಗಳಲ್ಲಿದೆ. ಗೆಲ್ಲುವ ಲಕ್ಷಣವೇ ಇಲ್ಲದ ಫಲಿತಾಂಶಗಳಿಗೆ ಜನ ಲಾಟರಿ ಟಿಕೆಟಿನ ಆಸೆಯಲ್ಲಿ ಎರಡು ಮೂರು ಸೆಂಟ್ ಕೊಡುತ್ತಲೇ ಇರುತ್ತಾರೆ. ಅದಕ್ಕೆ ವಿರುದ್ಧವಾಗಿ ಹಣ ಹೂಡುವವರಿಗೆ ತಿಂಗಳುಗಟ್ಟಲೆ ಹಣ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಆ ಬೆಲೆಯನ್ನು ಕೆಳಗಿಳಿಸುವ ಉತ್ಸಾಹ ಯಾರಿಗೂ ಇರುವುದಿಲ್ಲ. 3 ಎಂದು ಕಂಡರೆ ‘ಹೆಚ್ಚುಕಡಿಮೆ ಇಲ್ಲ’ ಎಂದು ಓದಿ. 96 ಎಂದು ಕಂಡರೆ, ಇತ್ಯರ್ಥಕ್ಕೆ ಇನ್ನೂ ಹಲವು ವಾರ ಇದ್ದಾಗ, ಅದನ್ನು ನಾಲ್ಕು ಅಂಶದ ಅನುಮಾನ ಎಂದು ಓದಬೇಡಿ.

5. ಕ್ಷೇತ್ರಗಳನ್ನು ಎಣಿಸಬೇಡಿ, ಗುಣಿಸಲೂ ಬೇಡಿ

ಶಾಸನಸಭೆಯ ಚುನಾವಣೆಗೆ ಮಾತ್ರ ವಿಶೇಷವಾದ ಬಲೆ ಇದು, ಮತ್ತು ಇಲ್ಲಿ ಬೀಳುವವರಲ್ಲಿ ಪಳಗಿದ ವರದಿಗಾರರೂ ಇದ್ದಾರೆ.

ಮೊದಲು ಎಣಿಕೆಯ ತಪ್ಪು. ಇಪ್ಪತ್ತು ಕ್ಷೇತ್ರಗಳಲ್ಲಿ ಎ ಪಕ್ಷಕ್ಕೆ ತಲಾ 55 ಇದೆ. ನಕ್ಷೆಯಲ್ಲಿ ಇಪ್ಪತ್ತಕ್ಕೂ ಅದೇ ಪಕ್ಷದ ಬಣ್ಣ ಬಳಿಯಲಾಗಿರುತ್ತದೆ, ನೋಡಿದವರು ‘ಇಪ್ಪತ್ತೂ ಬಂತು’ ಎಂದು ಲೆಕ್ಕ ಹಾಕುತ್ತಾರೆ. ಮಾರುಕಟ್ಟೆ ಹೇಳುತ್ತಿರುವುದು ಸರಾಸರಿ ಹನ್ನೊಂದು ಎಂದು, ಇಪ್ಪತ್ತನ್ನು 0.55ರಿಂದ ಗುಣಿಸಿ ನೋಡಿ. ಸರಾಸರಿ ಬೇಕಿದ್ದರೆ ಹೀಗೆ ಎಲ್ಲ ಕ್ಷೇತ್ರಗಳ ಸಾಧ್ಯತೆಗಳನ್ನು ಕೂಡುವುದು ಸರಿಯಾದ ದಾರಿ.

ಇನ್ನು ಗುಣಾಕಾರದ ತಪ್ಪು. ಬಹುಮತಕ್ಕೆ ಎ ಪಕ್ಷ ನಾಲ್ಕು ಕ್ಷೇತ್ರಗಳನ್ನು ಗೆಲ್ಲಲೇಬೇಕು, ನಾಲ್ಕರಲ್ಲೂ ಅದಕ್ಕೆ 60 ಇದೆ. 0.6ನ್ನು ನಾಲ್ಕು ಸಲ ಗುಣಿಸಿ ‘ಸಾಧ್ಯತೆ ಶೇ 13 ಮಾತ್ರ’ ಎಂದು ಬರೆದುಬಿಡುತ್ತಾರೆ. ಈ ಗುಣಾಕಾರ ಸರಿಯಾಗುವುದು ಒಂದು ಕ್ಷೇತ್ರದ ಫಲಿತಾಂಶಕ್ಕೂ ಇನ್ನೊಂದರದ್ದಕ್ಕೂ ಏನೇನೂ ನಂಟಿಲ್ಲದಿದ್ದರೆ ಮಾತ್ರ. ಚುನಾವಣೆಯಲ್ಲಿ ಹಾಗಾಗುವುದಿಲ್ಲ. ಸಮೀಕ್ಷೆಗಳು ಒಂದು ಪಕ್ಷದ ಬಲವನ್ನು ಒಂದು ಕಡೆ ಕಡಿಮೆ ಅಳೆದಿದ್ದರೆ, ಅದೇ ಬಗೆಯ ಮತದಾರರಿರುವ ಉಳಿದ ಕಡೆಯೂ ಕಡಿಮೆ ಅಳೆದಿರುತ್ತವೆ. ನಾಲ್ಕೂ ಕ್ಷೇತ್ರಗಳು ಒಂದೇ ದಿಕ್ಕಿಗೆ ವಾಲುತ್ತವೆ. ಹಾಗಾಗಿ ನಿಜವಾದ ಉತ್ತರ 13ಕ್ಕಿಂತ ಸಾಕಷ್ಟು ಮೇಲೆ, 60ಕ್ಕಿಂತ ಕೆಳಗೆ ಎಲ್ಲೋ ಇರುತ್ತದೆ. ಎಲ್ಲಿ ಎಂಬುದನ್ನು ನೀವು ಕೈಲೆಕ್ಕದಲ್ಲಿ ಹಿಡಿಯಲಾರಿರಿ. ಒಟ್ಟು ಬಹುಮತದ ಕಾಂಟ್ರ್ಯಾಕ್ಟ್ ಇದ್ದರೆ ಅದರ ಬೆಲೆಯನ್ನೇ ನೋಡಿ.

ಎರಡು ಸದನಗಳನ್ನು ಜೋಡಿಸುವಾಗಲೂ ಇದೇ ಮಾತು. ಸೆನೆಟ್ ಒಂದು ಪಕ್ಷಕ್ಕೆ 70, ಕೆಳಮನೆ ಅದೇ ಪಕ್ಷಕ್ಕೆ 50 ಇದ್ದರೆ ‘ಎರಡೂ ಸಿಗುವ’ ಸಾಧ್ಯತೆ 35 ಎಂದು ತೋರುತ್ತದೆ. ಜೋಡಿ ಫಲಿತಾಂಶದ ಕಾಂಟ್ರ್ಯಾಕ್ಟಿನಲ್ಲಿ 45 ಕಂಡರೆ ಬೆಚ್ಚಬೇಡಿ, ಕೆಳಮನೆ ಗೆಲ್ಲುವಷ್ಟು ಗಾಳಿ ಬೀಸಿದರೆ ಸೆನೆಟ್ ಹೇಗೂ ಬರುತ್ತದೆ ಎಂಬ ಎಣಿಕೆ ಅದರಲ್ಲಿದೆ. ಆದರೆ ಅದು 50 ಮೀರಲಾರದು, 20ಕ್ಕಿಂತ ಇಳಿಯಲೂ ಆರದು. ಈ ಮಿತಿಯಿಂದ ಹೊರಗಿನ ಅಂಕಿ ಕಂಡರೆ ಯಾವುದೋ ಒಂದು ಬೆಲೆ ಹಳೆಯದು ಅಥವಾ ಎರಡರ ನಿಯಮಗಳು ಬೇರೆ ಬೇರೆ.

6. ಬೆಲೆ ಅಲುಗಿದಾಗ ಸುದ್ದಿ ಹುಡುಕಿ, ಸುದ್ದಿ ಇಲ್ಲದಿದ್ದರೆ ಕಾಯಿರಿ

52ರಿಂದ 57ಕ್ಕೆ ಏರಿದ್ದರ ಹಿಂದೆ ಹೊಸ ಸಮೀಕ್ಷೆ, ಅಭ್ಯರ್ಥಿಯ ಹಿಂತೆಗೆತ, ನ್ಯಾಯಾಲಯದ ತೀರ್ಪು ಇರಬಹುದು. ಯಾರೋ ಒಬ್ಬ ದೊಡ್ಡ ಹಣವಂತನೂ ಇರಬಹುದು. 2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇಂಟ್ರೇಡ್ ಎಂಬ ಐರಿಷ್ ವೇದಿಕೆಯಲ್ಲಿ ಒಬ್ಬನೇ ವ್ಯಾಪಾರಿ ಮಿಟ್ ರೋಮ್ನಿ ಪರವಾಗಿ ಸುರಿದ ಹಣದಿಂದ ಬೆಲೆ ಕೆಳಗಿಳಿಯದೆ ನಿಂತಿತ್ತು. ಅವನು ಕಳೆದುಕೊಂಡದ್ದು ಸುಮಾರು 40 ಲಕ್ಷ ಡಾಲರ್ ಎಂದು ಆ ಬಳಿಕ ಸಂಶೋಧಕರು ಲೆಕ್ಕ ಹಾಕಿದರು. 2024ರಲ್ಲಿ ಪಾಲಿಮಾರ್ಕೆಟ್‌ನಲ್ಲಿ ಫ್ರಾನ್ಸ್‌ನ ಒಬ್ಬ ವ್ಯಾಪಾರಿ ಹಲವು ಖಾತೆಗಳ ಮೂಲಕ ಟ್ರಂಪ್ ಪರವಾಗಿ ಕೋಟಿಗಟ್ಟಲೆ ಡಾಲರ್ ಹೂಡಿದ, ಭರ್ಜರಿಯಾಗಿ ಗೆದ್ದ. ದೊಡ್ಡ ಹಣ ಯಾವಾಗಲೂ ದಡ್ಡ ಹಣ ಎನ್ನುವವರಿಗೂ, ಯಾವಾಗಲೂ ಜಾಣ ಹಣ ಎನ್ನುವವರಿಗೂ ಒಂದೊಂದು ಉದಾಹರಣೆ ಸಿಕ್ಕಂತಾಯಿತು.

ಪರೀಕ್ಷೆ ಸರಳವಾದದ್ದು. ಒಂದೇ ವೇದಿಕೆಯಲ್ಲಿ ಮಾತ್ರ ಏರಿದೆಯೇ, ಎಲ್ಲ ಕಡೆ ಏರಿದೆಯೇ ನೋಡಿ. ಒಂದೇ ಕಡೆ ಏರಿ, ಒಂದೆರಡು ದಿನದಲ್ಲಿ ಮತ್ತೆ ಇಳಿದರೆ ಅದು ಹಣದ ಭಾರ. ಎಲ್ಲ ಕಡೆ ಏರಿ ಅಲ್ಲೇ ನಿಂತರೆ ಮಾಹಿತಿ. ಮತ್ತೆ, 54ರಿಂದ 56ಕ್ಕೆ ಹೋದದ್ದನ್ನು ‘ಅಲೆ ತಿರುಗಿದೆ’ ಎಂದು ಬರೆಯುವವರನ್ನು ದಯವಿಟ್ಟು ಓದಬೇಡಿ.

7. ಸಮೀಕ್ಷೆ ಆಧಾರಿತ ಅಂದಾಜಿನ ಪಕ್ಕದಲ್ಲಿಟ್ಟು ನೋಡಿ

ಸಮೀಕ್ಷೆ ಅಳೆಯುವುದು ಮತಪ್ರಮಾಣವನ್ನು, ಮಾರುಕಟ್ಟೆ ಅಳೆಯುವುದು ಸಾಧ್ಯತೆಯನ್ನು. ‘ಸಮೀಕ್ಷೆ 51, ಮಾರುಕಟ್ಟೆ 65’ ಎಂಬುದರಲ್ಲಿ ವಿರೋಧವೇ ಇಲ್ಲ. ಸಾಮಾನ್ಯವಾಗಿ ಎರಡು ಅಂಶದ ಮುನ್ನಡೆಗೆ ಅಷ್ಟು ಸಾಧ್ಯತೆ ಇರಬಹುದಾದದ್ದೇ. ಹೋಲಿಸಬೇಕಾದದ್ದು ಸಮೀಕ್ಷೆಗಳನ್ನೆಲ್ಲ ಅರೆದು ಸಾಧ್ಯತೆಯಾಗಿ ಹೇಳುವ ಸಂಖ್ಯಾಶಾಸ್ತ್ರೀಯ ಮಾದರಿಯೊಂದಿಗೆ.

2022ರ ಸೆನೆಟ್ ಇದಕ್ಕೆ ಒಳ್ಳೆಯ ಪಾಠ. ಫೈವ್‌ಥರ್ಟಿಎಯ್ಟ್ ಎಂಬ ಅಮೆರಿಕದ ಚುನಾವಣಾ ವಿಶ್ಲೇಷಣೆಯ ಜಾಲತಾಣದ ಕೊನೆಯ ಮುನ್ನಂದಾಜು ರಿಪಬ್ಲಿಕನ್ನರಿಗೆ ನೂರಕ್ಕೆ 59 ಕೊಟ್ಟಿತ್ತು. ಮಾರುಕಟ್ಟೆಗಳು ಅದಕ್ಕಿಂತ ಎತ್ತರದಲ್ಲಿದ್ದವು. ಸಮೀಕ್ಷೆಗಳು ಈ ಸಲವೂ ರಿಪಬ್ಲಿಕನ್ನರ ಬಲವನ್ನು ಕಡಿಮೆ ತೋರಿಸುತ್ತಿವೆ ಎಂಬ ಗುಮಾನಿ ಬೆಲೆಯಲ್ಲಿ ಸೇರಿತ್ತು. ಡೆಮಾಕ್ರಟರು 51 ಸ್ಥಾನಗಳೊಂದಿಗೆ ಸದನ ಉಳಿಸಿಕೊಂಡರು. 59 ತಪ್ಪಾಯಿತು ಎನ್ನಲಾಗದು, ನಲವತ್ತೊಂದರ ಕಡೆಯೂ ಆಗಾಗ ಗೆಲ್ಲಲೇಬೇಕು. ಆದರೆ ಮಾದರಿಗೂ ಮಾರುಕಟ್ಟೆಗೂ ನಡುವಿನ ಹೆಚ್ಚುವರಿ ಅಂತರ ಎಲ್ಲಿಂದ ಬಂತು ಎಂದು ಕೇಳಿಕೊಂಡಿದ್ದವರಿಗೆ ಆ ರಾತ್ರಿ ಅಷ್ಟೊಂದು ಆಘಾತ ಆಗಿರಲಾರದು. ಅಂತರ ಕಂಡಾಗ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ. ‘ಹಿಂದಿನ ಸಲ ಹೀಗಾಗಿತ್ತು’ ಎಂಬುದನ್ನು ಬಿಟ್ಟು ಬೇರೇನೂ ಬರೆಯಲು ಸಿಗದಿದ್ದರೆ ನಾನಂತೂ ಮಾದರಿಯ ಕಡೆಗೆ ವಾಲುತ್ತೇನೆ.

ಗೆಲ್ಲುವ ಕುದುರೆ ಎಡವಿದ್ದಕ್ಕೆ ಆಸ್ಟ್ರೇಲಿಯಾದ 2019ರ ಚುನಾವಣೆಯಷ್ಟು ದುಬಾರಿ ಉದಾಹರಣೆ ಕಡಿಮೆ. ಲೇಬರ್ ಪಕ್ಷದ ಗೆಲುವು ಖಚಿತವೆಂದು ಸ್ಪೋರ್ಟ್ಸ್‌ಬೆಟ್ ಎಂಬ ಬೆಟ್ಟಿಂಗ್ ಸಂಸ್ಥೆ ಮತದಾನಕ್ಕೆ ಎರಡು ದಿನ ಮೊದಲೇ ಆ ಪಕ್ಷದ ಮೇಲೆ ಹಣ ಕಟ್ಟಿದವರಿಗೆಲ್ಲ 13 ಲಕ್ಷ ಆಸ್ಟ್ರೇಲಿಯನ್ ಡಾಲರ್ ಹಂಚಿಬಿಟ್ಟಿತು. ಗೆದ್ದದ್ದು ಲಿಬರಲ್–ನ್ಯಾಷನಲ್ ಮೈತ್ರಿಕೂಟ.

8. ಎಣಿಕೆಯ ರಾತ್ರಿ: ಮತ ಯಾವ ಕ್ರಮದಲ್ಲಿ ಬರುತ್ತದೆ ಎಂಬುದೇ ಮುಖ್ಯ

ಆ ರಾತ್ರಿ ಬೆಲೆಗಳು ನಿಮಿಷಕ್ಕೊಮ್ಮೆ ಜಿಗಿಯುತ್ತವೆ, ಮತ್ತು ಅತಿಹೆಚ್ಚು ಮೋಸಹೋಗುವುದೂ ಆಗಲೇ. ಫ್ಲಾರಿಡಾ ಬೇಗನೆ ಎಣಿಸಿ ಮುಗಿಸುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತದ ಲಕೋಟೆಗಳನ್ನು ಮತದಾನದ ದಿನದ ಬೆಳಗಿನವರೆಗೆ ತೆರೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಣಿಕೆ ವಾರಗಟ್ಟಲೆ ನಡೆಯುತ್ತದೆ. ಮೊದಲು ಬಂದ ಮತಗಳು ಒಂದು ಪಕ್ಷದ ಕಡೆಗಿದ್ದರೆ ಉಳಿದವೂ ಹಾಗೇ ಇರುತ್ತವೆ ಎಂದು ಊಹಿಸಲು ಆಧಾರವಿಲ್ಲ.

2018ರ ನವೆಂಬರ್‌ನಲ್ಲಿ ಕೆಳಮನೆಯ ಎಣಿಕೆ ಆರಂಭವಾದ ಹೊತ್ತಿನಲ್ಲಿ ಫೈವ್‌ಥರ್ಟಿಎಯ್ಟ್‌ನ ನೇರ ಮಾದರಿಯೇ ಕೆಲವು ಆರಂಭಿಕ ಕ್ಷೇತ್ರಗಳನ್ನು ನೋಡಿ ಡೆಮಾಕ್ರಟರ ಸಾಧ್ಯತೆಯನ್ನು ದಿಢೀರನೆ ಇಳಿಸಿತು, ಬೆಟ್ಟಿಂಗ್ ಬೆಲೆಗಳೂ ಅದರ ಜೊತೆಗೇ ಓಲಾಡಿದವು. ಸ್ವಲ್ಪ ಹೊತ್ತಿಗೆ ಮಾದರಿಯನ್ನೇ ಸರಿಪಡಿಸಬೇಕಾಯಿತು. ಕೊನೆಗೆ ಡೆಮಾಕ್ರಟರು 235 ಸ್ಥಾನ ಪಡೆದರು. ಮಾರುಕಟ್ಟೆ ಮಾದರಿಯನ್ನು ನೋಡುತ್ತದೆ, ಪತ್ರಕರ್ತರು ಮಾರುಕಟ್ಟೆಯನ್ನು ನೋಡುತ್ತಾರೆ, ಹೀಗೆ ಒಂದೇ ತಪ್ಪು ಮೂರು ಕಡೆ ಪ್ರತಿಧ್ವನಿಸುತ್ತದೆ.

ಅಂತರ ಕಿರಿದಾದಷ್ಟೂ ಕಾಯುವಿಕೆ ಉದ್ದ. 2022ರಲ್ಲಿ ಮತದಾನ ನಡೆದದ್ದು ನವೆಂಬರ್ 8ರಂದು. ಸೆನೆಟ್ ಯಾರದ್ದು ಎಂಬುದು ನೆವಾಡಾದ ಎಣಿಕೆಯಿಂದ ಸ್ಪಷ್ಟವಾದದ್ದು 12ರಂದು. ಜಾರ್ಜಿಯಾದ ಮರುಸುತ್ತು ಮುಗಿದದ್ದು ಡಿಸೆಂಬರ್ 6ರಂದು. 2024ರಲ್ಲಿ ಕೆಳಮನೆಯ ಅಂತಿಮ ಲೆಕ್ಕ 220–215, ಬಹುಮತಕ್ಕೆ ಬೇಕಾದ 218ಕ್ಕಿಂತ ಎರಡೇ ಹೆಚ್ಚು. ಮತದಾನವಾಗಿ ಒಂದು ವಾರ ದಾಟಿದ ಮೇಲೆ ಬಹುಮತ ಖಚಿತವಾಯಿತು. ಆ ರಾತ್ರಿಯಲ್ಲಿ ನೀವು ನೋಡಬೇಕಾದ ಪ್ರಶ್ನೆ ‘ಈಗ ಬೆಲೆ ಎಷ್ಟು’ ಎಂಬುದಕ್ಕಿಂತ ‘ಇನ್ನೂ ಎಣಿಸದ ಮತ ಎಲ್ಲಿಯದು, ಎಷ್ಟಿದೆ’ ಎಂಬುದು.

9. ಫಲಿತಾಂಶ ಬಂದ ಮೇಲೆ ಅಂಕ ಹಾಕಿ

ಒಂದೇ ಚುನಾವಣೆ ನೋಡಿ ಮಾರುಕಟ್ಟೆ ಸರಿ ಅಥವಾ ತಪ್ಪು ಎನ್ನಲಾಗದು. ಹಲವು ಕಾಂಟ್ರ್ಯಾಕ್ಟುಗಳ ಬೆಲೆ ಬರೆದಿಟ್ಟುಕೊಂಡು ಬ್ರಿಯರ್ ಅಂಕ ಎಂಬ ಸರಳ ಅಳತೆ ಬಳಸಿ: ಹೇಳಿದ ಸಾಧ್ಯತೆಗೂ ಆದದ್ದಕ್ಕೂ ಇರುವ ವ್ಯತ್ಯಾಸದ ವರ್ಗ. ಆದದ್ದಕ್ಕೆ 1, ಆಗದ್ದಕ್ಕೆ 0. ಬೆಲೆ 70 ಇದ್ದು ಪಕ್ಷ ಗೆದ್ದರೆ 0.09, ಸೋತರೆ 0.49. ಎಲ್ಲದಕ್ಕೂ ಕಣ್ಣುಮುಚ್ಚಿ 50 ಎಂದವರಿಗೆ ಸದಾ 0.25. ಸರಾಸರಿ ಕಡಿಮೆಯಾದಷ್ಟೂ ಒಳ್ಳೆಯದು. ಹಣಾಹಣಿ ಕ್ಷೇತ್ರಗಳನ್ನಷ್ಟೇ ತೆಗೆದುಕೊಂಡು ಲೆಕ್ಕ ಹಾಕಿ, ಸುಲಭದ ಕ್ಷೇತ್ರಗಳನ್ನು ಸೇರಿಸಿದರೆ ಯಾರ ಅಂಕವಾದರೂ ಚೆನ್ನಾಗಿಯೇ ಕಾಣುತ್ತದೆ. ಬೆಲೆಯನ್ನು ಬರೆದುಕೊಳ್ಳುವ ದಿನವನ್ನು ಮೊದಲೇ ನಿಗದಿ ಮಾಡಿ, ಉದಾಹರಣೆಗೆ ಮತದಾನದ ಹಿಂದಿನ ಸಂಜೆ. ಬಿಡ್, ಆಸ್ಕ್ ಎರಡನ್ನೂ ಬರೆಯಿರಿ, ಸಮಯ ನಮೂದಿಸಿ, ಆ ದಿನದ ನಿಯಮಗಳ ಪುಟದ ಒಂದು ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಇತ್ಯರ್ಥದ ಬಗ್ಗೆ ಜಗಳ ಹುಟ್ಟಿದರೆ ಅದು ಬೇಕಾಗುತ್ತದೆ.